ಜಪಾನಿನ ಗಣಕಕ್ಕೆ ‘ಡೂಮ್’

ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರ್‌ನಲ್ಲಿ ಹೊರತಂದ ‘ಡೂಮ್’ ಆಟದ ಹೆಸರನ್ನು ನೀವು ಕೇಳಿರಬಹುದು. ಆಡುವವರ ಕಣ್ಣಿಗೆ ಕಂಡಂತೆಯೇ ಓಣಿ, ಗೋಡೆಗಳು ಪರದೆಯ ಮೇಲೆ ಸರಿಯುತ್ತವೆ. ಎದುರಾದ ರಾಕ್ಷಸರಿಗೆ ಗುಂಡು ಹಾರಿಸುತ್ತ ಸಾಗಬೇಕು. ಐಬಿಎಂ ಮಾದರಿಯ ಪಿಸಿಗೆ ಬಂದ ಈ ಆಟವನ್ನು 1990ರ ದಶಕದ ಮಧ್ಯದಲ್ಲಿ ಜಪಾನಿನ ಎನ್‌ಇಸಿ ಕಂಪನಿಯ ಪಿಸಿ-98 ಗಣಕಕ್ಕೂ ಒಗ್ಗಿಸಲಾಯಿತು. ಎರಡರಲ್ಲೂ ಇದ್ದುದು ಇಂಟೆಲ್ ಬಗೆಯ ಪ್ರೊಸೆಸರ್. ಹಾಗಿದ್ದರೆ ತೊಡಕೇನು?

ತೊಡಕು ಪರದೆಯಲ್ಲಿತ್ತು, ಅದರ ಬೇರು ಲಿಪಿಯಲ್ಲಿತ್ತು. ಒಂದು ಕಾಂಜಿ ಅಕ್ಷರಕ್ಕೆ 16×16 ಚುಕ್ಕೆ, ಅಂದರೆ 32 ಬೈಟ್ ಬೇಕು. ಆರು ಸಾವಿರ ಅಕ್ಷರಗಳಿಗೆ 1,92,000 ಬೈಟ್. 1982ರ ಮೊದಲ ಪಿಸಿ-9801ರ ಸ್ಮೃತಿಯೇ 128 ಕಿಲೋಬೈಟ್! ಆದ್ದರಿಂದ ಅಕ್ಷರರೂಪಗಳನ್ನು ಬೇರೆಯೇ ರಾಮ್ ಅಲ್ಲದ ಶಾಶ್ವತ ಚಿಪ್‌ನಲ್ಲಿಟ್ಟರು. 25 ಸಾಲು ಅಕ್ಷರ ಕೂರಲು ಪರದೆಗೆ 400 ಗೆರೆ ಕೊಟ್ಟರು. ಕನ್ನಡಿಗರಿಗೆ ಇದು ಹೊಸ ಕಥೆಯಲ್ಲ. ಡಾಸ್ ಕಾಲದಲ್ಲಿ ನಾವೂ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಪಿಸಿಗೆ ಸಿಕ್ಕಿಸಿ ಕನ್ನಡ ಮೂಡಿಸುತ್ತಿದ್ದೆವು.

ಪಿಸಿಯಲ್ಲಿ ಡೂಮ್‌ನ ಚಿತ್ರ 320×200 ಚುಕ್ಕೆಗಳದು. ಚುಕ್ಕೆಗೊಂದು ಬೈಟ್, 256 ಬಣ್ಣ. ಪಿಸಿ-98ರ ರೂಢಿಯ ಚಿತ್ರವಿಧಾನದಲ್ಲಿ 640×400 ಚುಕ್ಕೆ, 16 ಬಣ್ಣ. ಬಣ್ಣ ಸೂಚಿಸುವ ನಾಲ್ಕು ಬಿಟ್‌ಗಳು ಒಂದೆಡೆ ಇರದೆ ಸ್ಮೃತಿಯ ನಾಲ್ಕು ಪದರಗಳಲ್ಲಿ ಹಂಚಿಹೋಗಿರುತ್ತವೆ. ಗಂಗಾವತಿಯ ಅಕ್ಕಿ ಗಿರಣಿಯೊಂದನ್ನು ಊಹಿಸಿಕೊಳ್ಳಿ. ಒಬ್ಬ ರೈತನ ಲೆಕ್ಕ ನಾಲ್ಕು ಕೋಣೆಗಳ ನಾಲ್ಕು ಪುಸ್ತಕಗಳಲ್ಲಿದೆ. ಪ್ರತಿ ಪುಟದಲ್ಲೂ ಎಂಟು ರೈತರಿದ್ದಾರೆ. ಒಬ್ಬನ ಲೆಕ್ಕ ತಿದ್ದಬೇಕಾದರೆ ಗುಮಾಸ್ತ ನಾಲ್ಕೂ ಪುಸ್ತಕ ತೆರೆಯಬೇಕು, ಉಳಿದ ಏಳು ಜನರ ಲೆಕ್ಕ ಕೆಡಿಸಬಾರದು.

ಡೂಮ್ ಗೋಡೆಗಳನ್ನು ಬರೆಯುವುದು ಮೇಲಿನಿಂದ ಕೆಳಕ್ಕೆ, ಸಪೂರ ಕಂಬಗಳಾಗಿ. ಪದರದ ಒಂದು ಬೈಟ್‌ನಲ್ಲಿರುವುದು ಅಡ್ಡಸಾಲಿನ ಎಂಟು ಚುಕ್ಕೆಗಳು. ಹೀಗಾಗಿ ಕಂಬದ ಪ್ರತಿ ಹೆಜ್ಜೆಗೂ ಗುಮಾಸ್ತನ ಓಡಾಟ! ಇದಕ್ಕೆ ಸರಳ ಉಪಾಯವುಂಟು. ಇಡೀ ಚಿತ್ರವನ್ನು ಮೊದಲು ಮುಖ್ಯ ಸ್ಮೃತಿಯಲ್ಲಿ ಪಿಸಿಯ ರೀತಿಯಲ್ಲೇ ಬರೆದು, ಆಮೇಲೆ ಎಂಟೆಂಟು ಚುಕ್ಕೆಗಳನ್ನು ಒಟ್ಟಿಗೆ ಪದರಗಳಿಗೆ ಸಾಗಿಸುವುದು. ಹಳೆಯದನ್ನು ಓದಿ ತಿದ್ದುವ ಗೋಜಿಲ್ಲ, ಪುಟವನ್ನೇ ಹೊಸದಾಗಿ ಬರೆದರಾಯಿತು. 320×200ರ ಸರಿಯಾದ ಇಮ್ಮಡಿಯೇ 640×400 ಆಗಿರುವುದು ಅದೃಷ್ಟ. ಆಟದ ಒಂದು ಚುಕ್ಕೆಗೆ ಪರದೆಯ ನಾಲ್ಕು ಸಿಗುತ್ತವೆ. ಅವುಗಳಲ್ಲಿ ಎರಡು ಬಣ್ಣ ಬೆರೆಸಿಟ್ಟರೆ ದೂರದಿಂದ ಮೂರನೆಯ ಬಣ್ಣ ಕಂಡೀತು.

ಇದಕ್ಕೂ ಬೆಲೆ ಇದೆ. ಚಿತ್ರವೊಂದಕ್ಕೆ 64,000 ಬೈಟ್ ಇದ್ದದ್ದು 1,28,000 ಆಗುತ್ತದೆ. ಡೂಮ್‌ನ ಗಡಿಯಾರ ಸೆಕೆಂಡಿಗೆ 35 ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೊಂದು ಚಿತ್ರವೆಂದರೆ 44.8 ಲಕ್ಷ ಬೈಟ್! 1992ರಲ್ಲಿ ಬಂದ ಪಿಸಿ-9821 ಸರಣಿಯಲ್ಲಿ 256 ಬಣ್ಣಗಳ ವಿಧಾನವೂ ಸಿಕ್ಕಿತು.

ಆಟವನ್ನು ಕಟ್ಟಿದವರ ಒಂದು ಜಾಣತನವನ್ನು ನಾನು ಇದಕ್ಕಿಂತ ಹೆಚ್ಚು ಮೆಚ್ಚುತ್ತೇನೆ. ಅವರು ಡೂಮ್ ರಚಿಸಿದ್ದು ಪಿಸಿಯಲ್ಲಲ್ಲ, ನೆಕ್ಸ್ಟ್ ಗಣಕಗಳಲ್ಲಿ. ಅದರ ಮೊಟೊರೋಲಾ ಪ್ರೊಸೆಸರ್ ಬೈಟ್‌ಗಳನ್ನು ಓದುವ ಕ್ರಮವೇ ಇಂಟೆಲ್‌ಗೆ ತಿರುವುಮುರುವು. ಹೀಗಾಗಿ ಪರದೆ, ಧ್ವನಿಯಂಥ ಯಂತ್ರಾವಲಂಬಿ ಭಾಗಗಳನ್ನು ಮೊದಲೇ ಪ್ರತ್ಯೇಕಿಸಿ, ‘ಐ’ ಅಕ್ಷರದಿಂದ ಆರಂಭವಾಗುವ ಹೆಸರಿನ ಕಡತಗಳಲ್ಲಿಟ್ಟರು. ಸಂಸ್ಥೆ 1997ರ ಡಿಸೆಂಬರ್‌ನಲ್ಲಿ ಮೂಲ ಸಂಕೇತವನ್ನೇ ಬಿಡುಗಡೆ ಮಾಡಿತು. ಕುಷ್ಟಗಿ, ಯಲಬುರ್ಗಾದ ಕಾಲೇಜಿನಲ್ಲಿ ಸಿ ಭಾಷೆ ಕಲಿಯುತ್ತಿರುವವರು ‘ಐ ವಿಡಿಯೊ’ ಕಡತವನ್ನು ತೆರೆದು ನೋಡಿ. ಹೊಸ ಯಂತ್ರಕ್ಕೆ ಹೋಗುವಾಗ ಬಹುಪಾಲು ತಿದ್ದುಪಡಿ ಅಲ್ಲಿಯೇ ನಡೆಯಬೇಕು. ಗೋಡೆಯ ಗಣಿತಕ್ಕೆ ಕೈಹಚ್ಚುವ ಅಗತ್ಯ ಕಡಿಮೆ.