ಅಪ್ಪೆಮಿಡಿ ಮಾವು: ಮೂಲ, ತಳಿಗಳು, ಪೌಷ್ಟಿಕ ಗುಣ ಮತ್ತು ಸಂರಕ್ಷಣೆ

ಪೀಠಿಕೆ

ಮಾವು ಭಾರತದ ರಾಷ್ಟ್ರೀಯ ಹಣ್ಣು. ರಾಜ್ಯದ ಬಯಲುಸೀಮೆಯಲ್ಲಿ ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ ಮುಂತಾದ ತಳಿಗಳನ್ನು ಹಣ್ಣಿಗಾಗಿ ಬೆಳೆಯಲಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ, ಸಾಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಾವಿಗೆ ಬೇರೊಂದು ಉಪಯೋಗವೂ ಇದೆ. ಇಲ್ಲಿ ಕೆಲವು ಜಾತಿಯ ಮಾವನ್ನು ಒಳಗಿನ ಗೊರಟು ಗಟ್ಟಿಯಾಗುವ ಮೊದಲೇ ತೊಟ್ಟುಸಹಿತ ಕೊಯ್ದು, ಉಪ್ಪಿನಲ್ಲಿ ನೆನೆಹಾಕಿ ವರ್ಷಗಟ್ಟಲೆ ಬಳಸುತ್ತಾರೆ. ವಿಶಿಷ್ಟ ಪರಿಮಳವುಳ್ಳ ಈ ಎಳೆಗಾಯಿಯೇ ಅಪ್ಪೆಮಿಡಿ.

ಮಲೆನಾಡಿನ ಊಟದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಖಾಯಂ ಸ್ಥಾನವಿದೆ. ಆದರೆ ಈ ಮಿಡಿಯನ್ನು ಕೊಡುವ ಹಳೆಯ ಮರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅಪ್ಪೆಯ ಒಂದೊಂದು ಮರವೂ ಬಹುತೇಕ ಒಂದೊಂದು ತಳಿಯೇ ಆಗಿರುವುದರಿಂದ, ಮರವೊಂದು ಉರುಳಿದರೆ ಆ ತಳಿಯೂ ಅಳಿಯುವ ಸಂಭವವಿದೆ. ಈ ಹಿನ್ನೆಲೆಯಲ್ಲಿ ಅಪ್ಪೆಮಿಡಿಯ ಬಗ್ಗೆ ಸಾರ್ವಜನಿಕರಿಗೆ ಹಾಗೂ ರೈತ ಬಾಂಧವರಿಗೆ ಅವಶ್ಯಕವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಮಾವಿನ ಮೂಲ

ಮಾವಿನ ಸಸ್ಯಶಾಸ್ತ್ರೀಯ ಹೆಸರು ಮ್ಯಾಂಜಿಫೆರಾ ಇಂಡಿಕಾ. ಇದು ಗೇರಿನೊಂದಿಗೆ ಅನಕಾರ್ಡಿಯೇಸಿ ಎಂಬ ಸಸ್ಯ ಕುಟುಂಬಕ್ಕೆ ಸೇರಿದೆ. ಈಶಾನ್ಯ ಭಾರತ ಮತ್ತು ಮ್ಯಾನ್ಮಾರ್ ಗಡಿಭಾಗದ ಪ್ರದೇಶವು ಇದರ ಮೂಲ ನೆಲೆಯೆಂದು ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ. ಭಾರತದಲ್ಲಿ ಸಾವಿರಾರು ವರ್ಷಗಳಿಂದ ಮಾವಿನ ಕೃಷಿ ನಡೆದುಬಂದಿದೆ. 16ನೇ ಶತಮಾನದಲ್ಲಿ ಗೋವೆಗೆ ಬಂದ ಪೋರ್ಚುಗೀಸರು ಕಸಿ ವಿಧಾನದಿಂದ ಮಾವಿನ ತಳಿಗಳನ್ನು ವೃದ್ಧಿಪಡಿಸಿದರು. ಇಂದಿನ ಆಪೂಸು ತಳಿ ಆ ಪರಂಪರೆಯಿಂದ ಬಂದುದಾಗಿದೆ.

ಅಪ್ಪೆಯು ಇದೇ ಮಾವಿನ ಕಾಡುರೂಪ. ಹಣ್ಣಾದಾಗ ಗಾತ್ರದಲ್ಲಿ ಚಿಕ್ಕದು. ನಾರು ಮತ್ತು ಹುಳಿ ಹೆಚ್ಚು, ತಿರುಳು ಕಡಿಮೆ. ಆದ್ದರಿಂದ ಹಣ್ಣಿನ ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆಯಿಲ್ಲ. ಇದರ ಬೆಲೆ ಇರುವುದು ಎಳೆಗಾಯಿಯ ಪರಿಮಳದಲ್ಲಿ, ಹುಳಿಯಲ್ಲಿ ಮತ್ತು ಬಹುಕಾಲ ಕೆಡದೆ ಉಳಿಯುವ ಗುಣದಲ್ಲಿ.

ಅಪ್ಪೆಯ ನೆಲೆ

ಅಪ್ಪೆ ಮರಗಳು ಪಶ್ಚಿಮ ಘಟ್ಟದ ನದಿ, ಹಳ್ಳಗಳ ದಡದಲ್ಲಿ ಸ್ವಾಭಾವಿಕವಾಗಿ ಬೆಳೆಯುತ್ತವೆ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಇದರ ಪ್ರಮುಖ ನೆಲೆಗಳು. ಈ ಮೂರು ತಾಲ್ಲೂಕುಗಳ ಭೂಲಕ್ಷಣವೇ ಇದಕ್ಕೆ ಅನುಕೂಲಕರವಾಗಿದೆ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ತಾಲ್ಲೂಕುಗಳ ಮೂಲಕ ಹರಿಯುತ್ತದೆ. ಕುಮುದ್ವತಿಯು ಹೊಸನಗರ ತಾಲ್ಲೂಕಿನ ಹುಂಚದ ಸಮೀಪ, ವರದಾ ನದಿಯು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಉಗಮಿಸುತ್ತವೆ. ಮಾಗಿದ ಹಣ್ಣು ಹೊಳೆಗೆ ಬಿದ್ದು, ಗೊರಟು ಮಳೆಗಾಲದ ಪ್ರವಾಹದಲ್ಲಿ ತೇಲಿ, ಮೆಕ್ಕಲು ಮಣ್ಣು ನಿಂತ ಕಡೆ ಮೊಳೆಯುವುದು ಈ ಮರಗಳ ಸಹಜ ಪ್ರಸಾರಕ್ರಮ. ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನಬೆಟ್ಟಗಳಲ್ಲಿ ಹಾಗೂ ಮನೆಯ ಹಿತ್ತಲುಗಳಲ್ಲಿಯೂ ಹಳೆಯ ಮರಗಳಿವೆ.

ನದೀತೀರವನ್ನೇ ಆಶ್ರಯಿಸಿದ ಮರಗಳಾದ್ದರಿಂದ ಜಲಾಶಯಗಳು ನಿರ್ಮಾಣವಾದಾಗ ಮೊದಲು ಮುಳುಗಿದ ನೆಲೆಗಳಲ್ಲಿ ಇವುಗಳ ನೆಲೆಯೂ ಸೇರಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಿಂದ ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಶರಾವತಿ ಕಣಿವೆಯ ವಿಸ್ತಾರವಾದ ದಡಭಾಗ ಜಲಾವೃತವಾಯಿತು. ಇಂದು ಉಳಿದಿರುವ ಮರಗಳಿಗೆ ಆ ಕಾರಣದಿಂದಲೂ ಹೆಚ್ಚಿನ ಮಹತ್ವವಿದೆ.

ಪ್ರಮುಖ ತಳಿಗಳು

ಅಪ್ಪೆಯಲ್ಲಿ ನೂರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಇವುಗಳ ಹೆಸರುಗಳನ್ನು ಇಟ್ಟವರು ಮಿಡಿಯನ್ನು ಬಳಸುವ ಜನರೇ ಆಗಿದ್ದು, ಹೆಸರಿನಿಂದಲೇ ತಳಿಯ ವಿವರ ತಿಳಿಯುತ್ತದೆ.

1. ಪರಿಮಳದಿಂದ ಬಂದ ಹೆಸರು: ಜೀರಿಗೆಯ ವಾಸನೆಯುಳ್ಳದ್ದು ಜೀರಿಗೆ ಅಪ್ಪೆ. ಇದರಲ್ಲಿಯೇ ಹಲವು ಉಪಬಗೆಗಳಿವೆ. ಕರ್ಪೂರದ ವಾಸನೆಯುಳ್ಳ ಬಗೆಗಳೂ ಇವೆ.

2. ಊರಿನಿಂದ ಬಂದ ಹೆಸರು: ಹೊಸನಗರ ತಾಲ್ಲೂಕಿನ ಪುರಪ್ಪೆಮನೆಯ ಹೆಸರು ಹೊತ್ತ ಪುರಪ್ಪೆಮನೆ ಅಪ್ಪೆ ಇದಕ್ಕೆ ಉದಾಹರಣೆ.

3. ವ್ಯಕ್ತಿಯಿಂದ ಬಂದ ಹೆಸರು: ಅನಂತಭಟ್ಟನ ಅಪ್ಪೆ ಪ್ರಸಿದ್ಧವಾದುದು. ಬಹಳ ಕಾಲ ಕೆಡದೆ ಉಳಿಯುವ ಗುಣಕ್ಕಾಗಿ ಇದಕ್ಕೆ ಬೇಡಿಕೆಯಿದೆ.

4. ಆಕಾರದಿಂದ ಬಂದ ಹೆಸರು: ಕಿವಿಯ ಓಲೆಯನ್ನು ನೆನಪಿಗೆ ತರುವ ಕರ್ಣಕುಂಡಲ ಈ ಗುಂಪಿಗೆ ಸೇರಿದೆ.

ಇವುಗಳಲ್ಲದೆ ಮಾಳಂಜಿ, ಹಳದೋಟ ಮುಂತಾದ ಬಗೆಗಳೂ ಬಳಕೆಯಲ್ಲಿವೆ. ತೊಟ್ಟು ಮುರಿದಾಗ ಹೊರಬರುವ ಸೊನೆಯಲ್ಲಿ ಟರ್ಪೀನ್ ವರ್ಗಕ್ಕೆ ಸೇರಿದ ಸುಗಂಧ ತೈಲಾಂಶಗಳಿದ್ದು, ಪರಿಮಳಕ್ಕೆ ಇವೇ ಕಾರಣ. ಈ ತೈಲಾಂಶಗಳ ಪ್ರಮಾಣ ಬದಲಾದಂತೆ ಪರಿಮಳವೂ ಬದಲಾಗುತ್ತದೆ. ಕಾಯಿ ಇಲ್ಲದ ಕಾಲದಲ್ಲಿ ಎಲೆಯನ್ನು ಹಿಸುಕಿ ಮೂಸಿ ತಳಿಯನ್ನು ಗುರುತಿಸುವ ಅನುಭವಿಗಳು ಈ ಭಾಗದಲ್ಲಿ ಇದ್ದಾರೆ.

ಗೊರಟು ಬಿತ್ತಿದರೆ ತಳಿ ಉಳಿಯುವುದಿಲ್ಲ

ಉತ್ತಮ ಅಪ್ಪೆಯ ಹಣ್ಣನ್ನು ಕಾದು ಪಡೆದು, ಗೊರಟು ನೆಟ್ಟು, ಹತ್ತಾರು ವರ್ಷ ಸಾಕಿದ ನಂತರ ಪರಿಮಳವಿಲ್ಲದ ಸಾಧಾರಣ ಕಾಯಿ ಬಿಟ್ಟಿತೆಂದು ನಿರಾಶರಾದ ರೈತರು ಅನೇಕರಿದ್ದಾರೆ. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಮಾವು ಪರಕೀಯ ಪರಾಗಸ್ಪರ್ಶ ಹೊಂದುವ ಬೆಳೆ. ಒಂದು ಮರದ ಹೂವಿಗೆ ಸಮೀಪದ ಬೇರಾವುದೋ ಮರದ ಪರಾಗವನ್ನು ಕೀಟಗಳು ತರುತ್ತವೆ. ಅಪ್ಪೆಯ ಗೊರಟಿನಲ್ಲಿ ಸಾಮಾನ್ಯವಾಗಿ ಒಂದೇ ಭ್ರೂಣವಿದ್ದು, ಅದು ತಂದೆ ತಾಯಿ ಎರಡೂ ಮರಗಳ ಗುಣಗಳ ಮಿಶ್ರಣವಾಗಿರುತ್ತದೆ. ಹೀಗಾಗಿ ಗೊರಟಿನಿಂದ ಬಂದ ಸಸಿ ತಾಯಿಮರದಂತೆಯೇ ಇರುತ್ತದೆಂಬ ಖಾತರಿ ಇರುವುದಿಲ್ಲ.

ಇಷ್ಟೊಂದು ತಳಿಗಳು ಹುಟ್ಟಲು ಕಾರಣವಾದುದೂ ಇದೇ ಗುಣ. ಅವು ಸುಲಭವಾಗಿ ಅಳಿಯಲು ಕಾರಣವಾಗಿರುವುದೂ ಇದೇ ಗುಣ. ತಾಯಿಮರದ ಕಡ್ಡಿಯಿಂದ ಕಸಿ ಮಾಡುವುದೊಂದೇ ತಳಿಯನ್ನು ಯಥಾವತ್ತಾಗಿ ಉಳಿಸುವ ಸಾಧಾರಣ ಮಾರ್ಗ.

ಮರಗಳ ಸಂಖ್ಯೆ ಕಡಿಮೆಯಾಗಲು ಕಾರಣಗಳು

ಅಪ್ಪೆ ಮರವು ಹೂಬಿಟ್ಟ ನಂತರ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್ ಅವಧಿಯಲ್ಲಿ ಮಿಡಿ ಕೊಯ್ಲಿಗೆ ಬರುತ್ತದೆ. ಪ್ರತಿ ವರ್ಷವೂ ಒಂದೇ ಪ್ರಮಾಣದಲ್ಲಿ ಫಸಲು ಬರುವುದಿಲ್ಲ. ಹೂವಿನ ಕಾಲದಲ್ಲಿ ಮೋಡ ಕವಿದರೆ ಅಥವಾ ಅಕಾಲಿಕ ಮಳೆ ಬಂದರೆ ಬೂದಿರೋಗ ಮತ್ತು ಜಿಗಿಹುಳುವಿನ ಬಾಧೆಯಿಂದ ಹೂವು ಉದುರುತ್ತದೆ.

ಪದ್ಧತಿಯಂತೆ ಮರವೇರಿದವರು ಮಿಡಿಯನ್ನು ತೊಟ್ಟುಸಹಿತ ಕಿತ್ತು ಬುಟ್ಟಿ ಅಥವಾ ಚೀಲದಲ್ಲಿ ತುಂಬಿ, ಹಗ್ಗದ ಮೂಲಕ ಕೆಳಗಿಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಕೊಳೆಯುತ್ತದೆ. ಒಂದು ಕೊಳೆತರೆ ಭರಣಿಯ ಉಳಿದ ಮಿಡಿಗಳೂ ಕೆಡುತ್ತವೆ. ಈ ಕೆಲಸಕ್ಕೆ ಶ್ರಮ ಮತ್ತು ಪರಿಣತಿ ಎರಡೂ ಬೇಕು. ಕಾಡು ಮತ್ತು ಬೆಟ್ಟದ ಮರಗಳಿಗೆ ಒಡೆಯರಿಲ್ಲವೆಂಬ ಭಾವನೆಯಿಂದ, ಮೊದಲು ಹೋದವರಿಗೆ ಮಿಡಿ ಎಂಬ ಪೈಪೋಟಿ ಬೆಳೆದು, ಕೊಂಬೆಗಳನ್ನೇ ಕಡಿದು ಕೆಡಹುವ ಪ್ರವೃತ್ತಿ ಕಂಡುಬಂದಿದೆ. ಕೊಂಬೆ ಕಡಿದ ಮರ ಮುಂದಿನ ಕೆಲವು ವರ್ಷ ಫಸಲು ಕೊಡುವುದಿಲ್ಲ. ಗಾಯದ ಮೂಲಕ ಕಾಂಡಕೊರಕ ಹಾಗೂ ಶಿಲೀಂಧ್ರಗಳು ಸೇರಿ ಮರ ಒಣಗುವುದೂ ಉಂಟು.

ಇದಕ್ಕಿಂತ ಕಣ್ಣಿಗೆ ಕಾಣದ ಇನ್ನೊಂದು ಕಾರಣವಿದೆ. ಮರದ ಮಿಡಿಯೆಲ್ಲವನ್ನೂ ಎಳೆಯದರಲ್ಲಿಯೇ ಕೊಯ್ದರೆ ಒಂದು ಹಣ್ಣೂ ಮಾಗುವುದಿಲ್ಲ. ಹಣ್ಣಿಲ್ಲದಿದ್ದರೆ ಗೊರಟಿಲ್ಲ, ಗೊರಟಿಲ್ಲದಿದ್ದರೆ ಹೊಳೆದಡದಲ್ಲಿ ಹೊಸ ಸಸಿಯಿಲ್ಲ. ಮರವನ್ನು ಮೂಲಧನವೆಂದೂ ಮಿಡಿಯನ್ನು ಬಡ್ಡಿಯೆಂದೂ ಭಾವಿಸಿದರೆ, ಬಡ್ಡಿಯನ್ನು ಪೂರ್ಣವಾಗಿ ಖರ್ಚು ಮಾಡಿ ಮೂಲಧನವನ್ನೂ ಕರಗಿಸುತ್ತಿರುವಂತಹ ಸ್ಥಿತಿ ಇದಾಗಿದೆ.

ಉಪ್ಪಿನಲ್ಲಿ ಸಂಗ್ರಹಿಸುವ ಕ್ರಮ

ಕೊಯ್ದ ಮಿಡಿಯನ್ನು ಅದೇ ದಿನ ಅಥವಾ ಮರುದಿನ ಉಪ್ಪಿಗೆ ಹಾಕುವುದು ಉತ್ತಮ. ಸೊನೆ ಸೋರಿಹೋಗದಂತೆ ತೊಟ್ಟನ್ನು ಸ್ವಲ್ಪ ಉಳಿಸಿಕೊಳ್ಳಬೇಕು. ಸೊನೆಯು ಚರ್ಮಕ್ಕೆ ತಾಗಿದರೆ ಉರಿ ಮತ್ತು ಹುಣ್ಣಾಗಬಹುದಾದ್ದರಿಂದ ಎಚ್ಚರಿಕೆ ಅಗತ್ಯ. ತೊಳೆದು ಒರೆಸಿ ನೀರಾರಿಸಿದ ಮಿಡಿಯನ್ನು ಒಣಗಿದ ಭರಣಿಯಲ್ಲಿ ಹರಳುಪ್ಪಿನೊಂದಿಗೆ ಪದರಪದರವಾಗಿ ತುಂಬಬೇಕು. ಉಪ್ಪು ಮಿಡಿಯ ನೀರನ್ನು ಹೀರಿ ಹೊರತರುವುದರಿಂದ ಮಿಡಿ ಚಿರುಟಿ, ಉಪ್ಪುನೀರು ಮೇಲೆ ನಿಲ್ಲುತ್ತದೆ. ಮಿಡಿಗಳು ಸದಾ ಈ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಬೇಕು. ಚಿರುಟಿದ ನಂತರ ಮಿಡಿಯನ್ನು ಬೇರ್ಪಡಿಸಿ, ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ, ಅದರಲ್ಲಿ ಸಾಸಿವೆ, ಒಣಮೆಣಸು, ಅರಿಶಿನಗಳ ಪುಡಿಯನ್ನು ಬೆರೆಸಿ ಮಿಡಿಗೆ ಸೇರಿಸಲಾಗುತ್ತದೆ. ಎಣ್ಣೆಯ ಅಗತ್ಯವಿಲ್ಲ.

ಅಧಿಕ ಉಪ್ಪು, ಮಿಡಿಯ ಸಹಜ ಹುಳಿ ಹಾಗೂ ಸಾಸಿವೆ ಇವು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತವೆ. ಉತ್ತಮ ತಳಿಯ ಉಪ್ಪಿನಕಾಯಿ ಕೃತಕ ಸಂರಕ್ಷಕಗಳಿಲ್ಲದೆ ಹಲವು ವರ್ಷ ಉಳಿಯುತ್ತದೆ. ಮಾರಾಟದ ಉದ್ದೇಶದಿಂದ ತಯಾರಿಸುವ ಸ್ವಸಹಾಯ ಗುಂಪುಗಳು ಮತ್ತು ಗೃಹ ಉದ್ಯಮಗಳು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅನ್ವಯ ನೋಂದಣಿ ಅಥವಾ ಪರವಾನಗಿ ಪಡೆಯತಕ್ಕದ್ದು.

ಪೌಷ್ಟಿಕ ಗುಣ

ಮಾಗಿದ ಮಾವಿನ 100 ಗ್ರಾಂ ತಿರುಳಿನಲ್ಲಿ ಸುಮಾರು 60 ಕಿಲೋಕ್ಯಾಲೊರಿ ಶಕ್ತಿ, 15 ಗ್ರಾಂ ಶರ್ಕರಪಿಷ್ಟ, 1.6 ಗ್ರಾಂ ನಾರಿನಂಶ ಮತ್ತು 36 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಹಣ್ಣಿನ ಹಳದಿ ಬಣ್ಣಕ್ಕೆ ಕಾರಣವಾದ ಬೀಟಾ ಕೆರೋಟಿನ್ ಅಂಶವು ಶರೀರದಲ್ಲಿ ಎ ಜೀವಸತ್ವವಾಗಿ ಪರಿವರ್ತನೆಯಾಗಿ ಕಣ್ಣಿನ ಆರೋಗ್ಯಕ್ಕೆ ನೆರವಾಗುತ್ತದೆ.

ಎಳೆಗಾಯಿಯಲ್ಲಿ ಸಕ್ಕರೆ ಅಂಶ ಕಡಿಮೆಯಿದ್ದು, ಸಾವಯವ ಆಮ್ಲಗಳು ಹೆಚ್ಚಾಗಿರುತ್ತವೆ. ಸಿ ಜೀವಸತ್ವವೂ ಸಾಮಾನ್ಯವಾಗಿ ಹಣ್ಣಿಗಿಂತ ಹೆಚ್ಚು. ಇದು ಆಹಾರದಲ್ಲಿನ ಕಬ್ಬಿಣಾಂಶವನ್ನು ಶರೀರವು ಹೀರಿಕೊಳ್ಳಲು ಸಹಕಾರಿ. ಮಿಡಿಯನ್ನು ಬೇಯಿಸಿ ಕಿವುಚಿ, ನೀರು ಬೆರೆಸಿ ಒಗ್ಗರಣೆ ಕೊಟ್ಟು ಸಿದ್ಧಪಡಿಸುವ ಅಪ್ಪೆಹುಳಿಯು ಬೇಸಿಗೆಯಲ್ಲಿ ಬಾಯಾರಿಕೆ ತಣಿಸುವ ಹಿತವಾದ ಪೇಯ.

ಉಪ್ಪಿನಕಾಯಿಯ ವಿಷಯದಲ್ಲಿ ಮಿತಿ ಅವಶ್ಯಕ. ಬಹುಕಾಲದ ಸಂಗ್ರಹಣೆಯಲ್ಲಿ ಸಿ ಜೀವಸತ್ವ ಗಣನೀಯವಾಗಿ ನಷ್ಟವಾಗುತ್ತದೆ. ಉಪ್ಪು ಮಾತ್ರ ಉಳಿಯುತ್ತದೆ. ವಯಸ್ಕರ ಒಟ್ಟು ಉಪ್ಪಿನ ಸೇವನೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಅಧಿಕ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಸಲಹೆಯಂತೆ ನಡೆದುಕೊಳ್ಳುವುದು. ಉಪ್ಪಿನಕಾಯಿಯನ್ನು ರುಚಿಗಾಗಿ ಸವಿಯಬೇಕೇ ಹೊರತು ಪೋಷಣೆಗಾಗಿ ಅವಲಂಬಿಸಬಾರದು.

ಕಸಿ ಮೂಲಕ ಸಂರಕ್ಷಣೆ

1. ತಾಯಿಮರದ ಆಯ್ಕೆ: ಪರಿಮಳ, ಹುಳಿ, ಬಾಳಿಕೆ ಮತ್ತು ಗೊಂಚಲಿನಲ್ಲಿ ಮಿಡಿಗಳ ಸಂಖ್ಯೆ ನೋಡಿ, ಕೆಲವು ವರ್ಷಗಳ ಅನುಭವದಿಂದ ಉತ್ತಮವೆಂದು ಖಚಿತವಾದ ಮರವನ್ನು ಆರಿಸಬೇಕು.

2. ಬೇರುಸಸಿ: ಯಾವುದೇ ಸ್ಥಳೀಯ ಕಾಟುಮಾವಿನ ಗೊರಟಿನಿಂದ ಬೇರುಸಸಿ ಬೆಳೆಸಬಹುದು. ಮಾವಿನ ಗೊರಟು ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದ ಕೆಲವೇ ವಾರಗಳಲ್ಲಿ ಬಿತ್ತಬೇಕು.

3. ಕಸಿಕಡ್ಡಿ: ಮೂರು ನಾಲ್ಕು ತಿಂಗಳು ಬಲಿತ, ತುದಿಮೊಗ್ಗು ಉಬ್ಬಿರುವ ಕಡ್ಡಿ ಸೂಕ್ತ. ಕತ್ತರಿಸುವ 8 ರಿಂದ 10 ದಿನ ಮುಂಚೆ ಎಲೆಗಳನ್ನು ತೊಟ್ಟು ಉಳಿಯುವಂತೆ ಕತ್ತರಿಸಬೇಕು.

4. ಕಾಲ ಮತ್ತು ವಿಧಾನ: ಮಲೆನಾಡಿನಲ್ಲಿ ಗಾಳಿಯಲ್ಲಿ ತೇವಾಂಶವಿರುವ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿ ಅನುಕೂಲಕರ. ಗೊರಟು ಕಸಿ ಅಥವಾ ಮೃದುಕಾಂಡ ಕಸಿ ಅನುಸರಿಸಬಹುದು. ಕಸಿಯ ಕೆಳಭಾಗದಲ್ಲಿ ಬರುವ ಚಿಗುರುಗಳನ್ನು ಆಗಾಗ್ಗೆ ಚಿವುಟಬೇಕು. ಇಲ್ಲವಾದರೆ ಕಾಟುಮಾವೇ ಮರವಾಗುತ್ತದೆ.

ಕಸಿಗಿಡಗಳು ಸಾಮಾನ್ಯವಾಗಿ ನಾಲ್ಕೈದು ವರ್ಷಗಳಲ್ಲಿ ಫಲ ಕೊಡಲಾರಂಭಿಸುತ್ತವೆ. ಗಿಡ್ಡವಾಗಿ ಸವರಿ ಬೆಳೆಸಿದರೆ ಎತ್ತರದ ಮರವೇರುವ ಅಪಾಯವೂ ತಪ್ಪುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಪ್ಪೆಯ ತಳಿಗಳನ್ನು ಸಂಗ್ರಹಿಸಿ ಅಧ್ಯಯನ ನಡೆಸಿದೆ. ಮೂರೂ ತಾಲ್ಲೂಕುಗಳ ಅನೇಕ ರೈತರು ಸ್ವಂತ ಆಸಕ್ತಿಯಿಂದ ತಮ್ಮ ಜಮೀನಿನಲ್ಲಿ ತಳಿ ಸಂಗ್ರಹ ಮಾಡಿರುವುದು ಶ್ಲಾಘನೀಯ.

ಭೌಗೋಳಿಕ ಸೂಚಿಕೆ

ಅಪ್ಪೆಮಿಡಿ ಮಾವಿಗೆ 2009-10ನೇ ಸಾಲಿನಲ್ಲಿ ಭೌಗೋಳಿಕ ಸೂಚಿಕೆ ನೋಂದಣಿ ದೊರೆತಿದೆ. ಗೊತ್ತುಪಡಿಸಿದ ಪ್ರದೇಶದಲ್ಲಿ ಬೆಳೆದ ಉತ್ಪನ್ನಕ್ಕೆ ಮಾತ್ರ ಆ ಹೆಸರು ಬಳಸುವ ಹಕ್ಕನ್ನು ಇದು ರಕ್ಷಿಸುತ್ತದೆ. ಆದರೆ ನೋಂದಣಿಯು ಹೆಸರನ್ನು ಕಾಯುತ್ತದೆಯೇ ವಿನಾ ಮರವನ್ನು ಕಾಯುವುದಿಲ್ಲ. ಮರವನ್ನು ಉಳಿಸುವ ಹೊಣೆ ಸ್ಥಳೀಯರದ್ದೇ ಆಗಿದೆ.

ಸಾರ್ವಜನಿಕರಲ್ಲಿ ವಿನಂತಿ

- ಮಿಡಿಗಾಗಿ ಕೊಂಬೆ ಕಡಿಯಬಾರದು. ಕೊಂಬೆ ಕಡಿದು ತಂದ ಮಿಡಿಯನ್ನು ಖರೀದಿಸಬಾರದು.
- ಪ್ರತಿ ಮರದಲ್ಲಿ ಕೆಲವು ಗೊಂಚಲುಗಳನ್ನಾದರೂ ಹಣ್ಣಾಗಲು ಬಿಡುವುದು.
- ಊರಿನ ಹಳೆಯ ಅಪ್ಪೆ ಮರಗಳ ಸ್ಥಳ, ಹೆಸರು ಮತ್ತು ಗುಣಗಳನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವುದು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ.
- ಮರ ಮುದಿಯಾಗಿದ್ದರೆ ಅಥವಾ ರಸ್ತೆ, ಕಟ್ಟಡ ಕಾಮಗಾರಿಗಾಗಿ ತೆರವುಗೊಳಿಸುವ ಪ್ರಸಂಗ ಬಂದರೆ, ಅದಕ್ಕೆ ಮುನ್ನ ಕಸಿಕಡ್ಡಿಗಳನ್ನು ಪಡೆದು ಕನಿಷ್ಠ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಗಿಡ ಮಾಡಿಕೊಳ್ಳುವುದು.

ಬಿದ್ದ ಮರದಿಂದ ಕಡ್ಡಿ ದೊರೆಯುವುದು ಕೆಲವೇ ದಿನ ಮಾತ್ರ. ಆ ನಂತರ ಉಳಿಯುವುದು ಹಿರಿಯರ ನೆನಪಿನಲ್ಲಿನ ಹೆಸರು ಮತ್ತು ಹಳೆಯ ಭರಣಿಯಲ್ಲಿನ ಪರಿಮಳವಷ್ಟೇ. ಆದುದರಿಂದ ತಮ್ಮ ಮನೆಯ ಹಿಂದಿನ ಬೆಟ್ಟದಲ್ಲಿ ಅಥವಾ ಹೊಳೆಯ ದಡದಲ್ಲಿ ಒಳ್ಳೆಯ ಅಪ್ಪೆಯ ಮರವಿರುವವರು ಮುಂದಿನ ಮಳೆಗಾಲದಲ್ಲಿಯೇ ಕಸಿ ಕಾರ್ಯವನ್ನು ಕೈಗೊಳ್ಳಬೇಕಾಗಿ ಕೋರಲಾಗಿದೆ. ಹೆಚ್ಚಿನ ಮಾಹಿತಿ ಹಾಗೂ ತಾಂತ್ರಿಕ ಸಲಹೆಗಾಗಿ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.