ಕೆಲಸದ ಸ್ಥಳದ ಸುರಕ್ಷತೆ: ಮಾಲೀಕರ ಹೊಣೆ ಮತ್ತು ಗ್ರಾಮ ಪಂಚಾಯಿತಿಯ ಕರ್ತವ್ಯ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಜನರು ದುಡಿಯುವುದು ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರವಲ್ಲ. ಆಲೆಮನೆ, ಅಕ್ಕಿ ಗಿರಣಿ, ಇಟ್ಟಿಗೆ ಗೂಡು, ಕಲ್ಲು ಕ್ರಷರ್, ವೆಲ್ಡಿಂಗ್ ಅಂಗಡಿ, ಮನೆ ಕಟ್ಟುವ ಜಾಗ, ಕೊಳವೆ ಬಾವಿ ಕೊರೆಯುವ ಜಾಗ, ಕಡೆಗೆ ನಮ್ಮದೇ ಪಂಪ್‌ಹೌಸ್ ಕೂಡ ಕೆಲಸದ ಸ್ಥಳಗಳೇ ಆಗಿವೆ. ಇಂತಹ ಕಡೆ ಅವಘಡ ಸಂಭವಿಸಿದಾಗ ‘ಅದು ಕಾರ್ಮಿಕ ಇಲಾಖೆಯ ವಿಷಯ’ ಎಂಬ ಮಾತು ನಮ್ಮ ಸಭೆಗಳಲ್ಲಿ ಕೇಳಿಬರುತ್ತದೆ. ಆ ಮಾತು ಅರ್ಧದಷ್ಟು ಮಾತ್ರ ಸರಿ. ದಂಡ ವಿಧಿಸುವ ಅಧಿಕಾರ ನಮ್ಮದಲ್ಲ. ಆದರೆ ಯಂತ್ರ ಸ್ಥಾಪಿಸಲು ಅನುಮತಿ ನೀಡುವವರು ನಾವು, ಕೂಲಿ ಕೊಟ್ಟು ಕೆಲಸ ಮಾಡಿಸುವವರಲ್ಲಿ ನಾವೂ ಒಬ್ಬರು. ಈ ಎರಡು ನೆಲೆಗಳಿಂದ ನಮಗೆ ಒದಗುವ ಹೊಣೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಾನೂನಿನ ಇಂದಿನ ಸ್ವರೂಪ

1948ರ ಕಾರ್ಖಾನೆಗಳ ಕಾಯಿದೆಯೂ ಸೇರಿದಂತೆ 13 ಕೇಂದ್ರ ಕಾಯಿದೆಗಳನ್ನು ಒಗ್ಗೂಡಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21.11.2025ರಿಂದ ಜಾರಿಗೆ ಬಂದಿದೆ. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ‘ಕಾರ್ಖಾನೆ’ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಘಟಕದಲ್ಲಿ ಹಿಂದೆ 10 ಕಾರ್ಮಿಕರಿದ್ದರೆ ಸಾಕಾಗಿತ್ತು; ಈಗ 20 ಜನರಿರಬೇಕು. ವಿದ್ಯುತ್ ಬಳಸದ ಘಟಕಕ್ಕೆ ಈ ಮಿತಿ 20ರಿಂದ 40ಕ್ಕೆ ಏರಿದೆ. ಪ್ರಾಣಾಪಾಯದ ಕೆಲಸವೆಂದು ಸರ್ಕಾರ ಅಧಿಸೂಚಿಸಿದ ಕಡೆ ಸಂಖ್ಯೆಯ ಮಿತಿ ಅನ್ವಯಿಸುವುದಿಲ್ಲ.

ಸಂಹಿತೆಯ ಪ್ರಕಾರ ಅಪಾಯರಹಿತ ಕೆಲಸದ ಸ್ಥಳವನ್ನು ಒದಗಿಸುವುದು, ನೇಮಕಾತಿ ಪತ್ರ ನೀಡುವುದು, ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕರ ಕರ್ತವ್ಯ. ಸುರಕ್ಷತಾ ವ್ಯವಸ್ಥೆಯ ವೆಚ್ಚವನ್ನು ಕಾರ್ಮಿಕರ ಕೂಲಿಯಿಂದ ಹಿಡಿಯುವಂತಿಲ್ಲ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 5 ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ವಿಧಿಸಬಹುದು. ತೀವ್ರ ಗಾಯವಾದಲ್ಲಿ 1 ವರ್ಷದವರೆಗಿನ ಶಿಕ್ಷೆ ಅಥವಾ 2ರಿಂದ 4 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಉಂಟು. ಆ ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಗಾಯಾಳುವಿಗೆ ಅಥವಾ ಮೃತರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಸಂಖ್ಯೆಯ ಮಿತಿಯಿಂದ ಹೊರಗುಳಿದವರು

ನಮ್ಮ ಆಲೆಮನೆಗಳನ್ನು ಈ ಲೆಕ್ಕದಲ್ಲಿ ನೋಡೋಣ. ಕಬ್ಬು ತರುವವರು, ಗಾಣಕ್ಕೆ ಕೊಡುವವರು, ಒಲೆಗೆ ಸಿಪ್ಪೆ ಹಾಕುವವರು, ಕೊಪ್ಪರಿಗೆ ನೋಡುವವರು, ಅಚ್ಚು ಹಾಕುವವರು ಎಲ್ಲರೂ ಸೇರಿದರೂ ಅನೇಕ ಕಡೆ 10 ಜನ ದಾಟುವುದಿಲ್ಲ. ಅಂದರೆ ಇಂತಹ ಘಟಕಕ್ಕೆ ಕಾರ್ಖಾನೆ ನಿರೀಕ್ಷಕರು ಬರುವ ಸಂಭವ ಕಡಿಮೆ. ಆದರೆ ಗಾಣದ ಉರುಳೆಗೆ ಕಾರ್ಮಿಕರ ಸಂಖ್ಯೆ ತಿಳಿಯದು. ಎರಡು ಉರುಳೆಗಳು ಒಳಮುಖವಾಗಿ ತಿರುಗುವ ಸಂಧಿಯಲ್ಲಿ ಬೆರಳು ಸಿಕ್ಕಿದರೆ ಕೈ ಹಿಂದೆಳೆದುಕೊಳ್ಳುವಷ್ಟು ಸಮಯವಿರುವುದಿಲ್ಲ. ಮೋಟಾರ್ ನಿಲ್ಲಿಸಿದ ಮೇಲೂ ಭಾರವಾದ ಚಕ್ರವು ತನ್ನ ವೇಗದಿಂದ ಕೆಲವು ಸುತ್ತು ತಿರುಗುತ್ತದೆ.

ಇಲ್ಲಿ ನೆರವಿಗೆ ಬರುವುದು ನೌಕರರ ಪರಿಹಾರದ ಕಾನೂನು. 1923ರಿಂದ ಜಾರಿಯಲ್ಲಿದ್ದ ಈ ವ್ಯವಸ್ಥೆ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಸೇರಿದೆ. ಯಂತ್ರಶಕ್ತಿ ಬಳಸುವ ತಯಾರಿಕಾ ಘಟಕದಲ್ಲಿ ಒಬ್ಬನೇ ಕಾರ್ಮಿಕನಿದ್ದರೂ, ಇ.ಎಸ್.ಐ. ವ್ಯಾಪ್ತಿಗೆ ಬಾರದಿದ್ದಲ್ಲಿ, ಮಾಲೀಕರು ಪರಿಹಾರ ನೀಡಬೇಕು. ಕೆಲಸದಲ್ಲಿ ಮರಣ ಹೊಂದಿದವರ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಲಾಗುತ್ತದೆ. ಉದಾಹರಣೆಗೆ, ಮಾಸಿಕ 12,000 ರೂಪಾಯಿ ಪಡೆಯುತ್ತಿದ್ದ 30 ವರ್ಷದವರಿಗೆ 6,000 ರೂಪಾಯಿಯನ್ನು 207.98ರಿಂದ ಗುಣಿಸಿದರೆ 12,47,880 ರೂಪಾಯಿ ಆಗುತ್ತದೆ. ಒಂದು ತಿಂಗಳೊಳಗೆ ಪಾವತಿಸದಿದ್ದರೆ ಶೇ. 12 ಬಡ್ಡಿಯೂ, ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಶೇ. 50ರವರೆಗೆ ಹೆಚ್ಚುವರಿ ದಂಡವೂ ಸೇರಬಹುದು. ಉರುಳೆಯ ಮುಂದೆ ಕಬ್ಬಿಣದ ಕಾಪು ಅಳವಡಿಸಲು ತಗಲುವ ಖರ್ಚು ಇದರ ಮುಂದೆ ಅತ್ಯಲ್ಪ. ಈ ಲೆಕ್ಕವನ್ನು ಆಲೆಮನೆ ಮಾಲೀಕರಿಗೆ ತಿಳಿಸುವುದೇ ಅನೇಕ ವೇಳೆ ನೋಟಿಸಿಗಿಂತ ಹೆಚ್ಚು ಫಲ ನೀಡುತ್ತದೆ. ಅವರಲ್ಲಿ ಬಹುತೇಕರು ಸ್ವತಃ ರೈತರೇ. ಒಂದು ಅವಘಡ ಕಾರ್ಮಿಕನ ಮನೆಯನ್ನಷ್ಟೇ ಅಲ್ಲ, ಮಾಲೀಕನ ಮನೆಯನ್ನೂ ಮುಳುಗಿಸಬಲ್ಲದು.

ಅನುಮತಿ ಪತ್ರವೇ ಮೊದಲ ತಪಾಸಣೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 66ರಂತೆ ಯಂತ್ರಶಕ್ತಿ ಬಳಸುವ ಕಾರ್ಖಾನೆ ಅಥವಾ ಕಾರ್ಯಾಗಾರವನ್ನು ಸ್ಥಾಪಿಸಲು ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ. ಪ್ರಕರಣ 64ರಂತೆ ಕಟ್ಟಡ ನಿರ್ಮಾಣಕ್ಕೂ ಅನುಮತಿ ಬೇಕು. ಈ ಅರ್ಜಿಗಳನ್ನು ನಾವು ಸಾಮಾನ್ಯವಾಗಿ ಶುಲ್ಕ ಮತ್ತು ನೆರೆಹೊರೆಯವರ ಆಕ್ಷೇಪಣೆಯ ದೃಷ್ಟಿಯಿಂದ ಮಾತ್ರ ನೋಡುತ್ತೇವೆ. ಅನುಮತಿ ನೀಡುವ ಮುನ್ನ ಸ್ಥಳ ಪರಿಶೀಲನೆಯಲ್ಲಿ ಈ ಕೆಳಗಿನ ಅಂಶಗಳನ್ನು ನೋಡುವುದು ಸೂಕ್ತ.

1. ಉರುಳೆ, ಬೆಲ್ಟ್ ಮತ್ತು ಚಕ್ರಗಳಿಗೆ ಕಾಪು ಇದೆಯೇ? ಕಬ್ಬು ಕೊಡುವ ದೋಣಿಯು ತೋಳಿನ ಉದ್ದಕ್ಕಿಂತ ಹೆಚ್ಚು ಉದ್ದವಿದೆಯೇ?
2. ಯಂತ್ರದ ಬಳಿ ನಿಂತವರ ಕೈಗೆಟುಕುವಂತೆ ತುರ್ತು ನಿಲುಗಡೆ ಗುಂಡಿ ಇದೆಯೇ?
3. ಅರ್ಥಿಂಗ್ ಮತ್ತು ವಿದ್ಯುತ್ ಸೋರಿಕೆಯಾದಾಗ ಸಂಪರ್ಕ ಕಡಿಯುವ ಬ್ರೇಕರ್ ಇವೆಯೇ? ಜನರ ರಕ್ಷಣೆಗೆ 30 ಮಿಲಿ ಆಂಪಿಯರ್ ಸಾಮರ್ಥ್ಯದ್ದು ಬೇಕು.
4. ಕುದಿಯುವ ಕೊಪ್ಪರಿಗೆಯ ಸುತ್ತ ಜಾರದ ನೆಲ, ಎತ್ತರದ ಅಂಚು ಹಾಗೂ ರಾತ್ರಿ ಬೆಳಕು ಇವೆಯೇ?
5. ಉತ್ತರ ಭಾರತದಿಂದ ಬಂದ ಕಾರ್ಮಿಕರಿದ್ದಲ್ಲಿ ಎಚ್ಚರಿಕೆಯ ಸೂಚನೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿದೆಯೇ?

ಕೊಳವೆ ಬಾವಿಗಳನ್ನೇ ನೆಚ್ಚಿರುವ ಊರುಗಳಲ್ಲಿ ಮತ್ತೊಂದು ಅಂಶವಿದೆ. ಕೊರೆಯುವ 15 ದಿನ ಮೊದಲು ಲಿಖಿತ ಮಾಹಿತಿ ನೀಡಬೇಕು, ಸ್ಥಳದಲ್ಲಿ ಫಲಕ ಮತ್ತು ಬೇಲಿ ಇರಬೇಕು, ವಿಫಲವಾದ ಬಾವಿಯನ್ನು ಮುಚ್ಚಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ನಿರ್ದೇಶಿಸಿದೆ. ಮಾಹಿತಿ ಪಡೆಯಬೇಕಾದವರ ಸಾಲಿನಲ್ಲಿ ಗ್ರಾಮ ಪಂಚಾಯಿತಿಯೂ ಇದೆ.

ಕಲ್ಲು ಗಣಿಗಳ ವಿಚಾರ

ಕಲ್ಲು ಗಣಿಯ ಕಾರ್ಮಿಕರ ಸುರಕ್ಷತೆ ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಸೇರಿದೆ. ಗುತ್ತಿಗೆ ನೀಡಿಕೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಗಣಿಗಾರಿಕೆ ಕುರಿತು ನಡೆದ ಚರ್ಚೆ ತಮಗೆಲ್ಲ ತಿಳಿದಿದೆ. ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿರ್ಬಂಧಿಸಿ ರಾಜ್ಯ ಉಚ್ಚ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶಿಸಿತು. ಆ ಚರ್ಚೆಯ ಕೇಂದ್ರದಲ್ಲಿದ್ದುದು ಅಣೆಕಟ್ಟೆಯ ಸುರಕ್ಷತೆ, ಅದು ಸಹಜವೇ. ಆದರೆ ಸ್ಫೋಟಕದ ಅತಿ ಸಮೀಪದಲ್ಲಿರುವವರು ಕಾರ್ಮಿಕರು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿಯೂ, ಮರುತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿಯೂ ಗಣಿಗಾರಿಕೆಗೆಂದು ಇರಿಸಿದ್ದ ಸ್ಫೋಟಕಗಳು ಸಿಡಿದು ಜನರು ಪ್ರಾಣ ಕಳೆದುಕೊಂಡರು. ಸ್ಫೋಟಕ ಸಂಗ್ರಹ ಅಥವಾ ರಾತ್ರಿ ಸಾಗಣೆಯ ಸುಳಿವು ಮೊದಲು ಸಿಗುವುದು ಊರಿನವರಿಗೆ. ಅಂತಹ ಮಾಹಿತಿಯನ್ನು ಪೊಲೀಸರಿಗೂ ತಹಶೀಲ್ದಾರರಿಗೂ ಲಿಖಿತವಾಗಿ ತಿಳಿಸುವುದು ಸದಸ್ಯರ ಕರ್ತವ್ಯವೆಂದು ಭಾವಿಸಬೇಕು.

ಪಂಚಾಯಿತಿಯೇ ಕೆಲಸ ಮಾಡಿಸುವಾಗ

ಅನ್ಯರಿಗೆ ಹೇಳುವ ಮುನ್ನ ನಮ್ಮ ಮನೆಯನ್ನು ನೋಡಿಕೊಳ್ಳಬೇಕು. ನಾನು ಸೇವೆ ಸಲ್ಲಿಸಿದ ಒಂದು ಪಂಚಾಯಿತಿಯಲ್ಲಿ ನೀರಗಂಟಿಯೊಬ್ಬರು ಮಳೆಗಾಲದ ಮುಂಜಾನೆ ಪಂಪ್‌ಹೌಸಿನ ಸ್ಟಾರ್ಟರ್ ಮುಟ್ಟಿ ಎಸೆಯಲ್ಪಟ್ಟರು. ಅವರು ಬದುಕುಳಿದದ್ದು ಅದೃಷ್ಟ. ಎಂಜಿನಿಯರಿಂಗ್ ಓದಿದ ನಾನು ಆ ಪಂಪ್‌ಹೌಸಿಗೆ ಹಲವು ಬಾರಿ ಹೋಗಿದ್ದೆ, ಮೀಟರ್ ಓದಿದ್ದೆ. ಅರ್ಥಿಂಗ್ ತಂತಿ ತುಂಡಾಗಿರುವುದನ್ನು ಮಾತ್ರ ನೋಡಿರಲಿಲ್ಲ. ಅಂದಿನಿಂದ ಪಂಪ್‌ಹೌಸಿನೊಳಗೆ ಹೋದಾಗ ಮೊದಲು ನೋಡುವುದು ಅದನ್ನೇ.

ನೀರಗಂಟಿಯನ್ನು ಬೀದಿ ದೀಪ ಸರಿಪಡಿಸಲು ವಿದ್ಯುತ್ ಕಂಬ ಹತ್ತಿಸುವ ರೂಢಿ ನಿಲ್ಲಬೇಕು. ಆ ಕೆಲಸವನ್ನು ವಿದ್ಯುತ್ ಸರಬರಾಜು ಕಡಿತವಾಗಿರುವುದು ಖಚಿತವಾದ ಮೇಲೆ ಅಧಿಕೃತ ಸಿಬ್ಬಂದಿ ಮಾತ್ರ ಮಾಡಬೇಕು. ಮೇಲ್ಮಟ್ಟದ ತೊಟ್ಟಿ ಸ್ವಚ್ಛಗೊಳಿಸುವಾಗ ಒಬ್ಬರನ್ನೇ ಹತ್ತಿಸಬಾರದು. ಸುರಕ್ಷತಾ ಬೆಲ್ಟ್ ಇರಬೇಕು. ಪೈಪ್‌ಲೈನ್ ಕಾಲುವೆ 1.5 ಮೀಟರ್‌ಗಿಂತ ಆಳವಾದರೆ ಬದಿಗಳಿಗೆ ಹಲಗೆಯ ಆಧಾರ ಕೊಡಬೇಕು ಅಥವಾ ಇಳಿಜಾರಾಗಿ ಅಗೆಯಬೇಕು. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆ ಟನ್. ಎದೆಮಟ್ಟ ಮಣ್ಣು ಕುಸಿದರೂ ಉಸಿರಾಡಲಾಗದು.

ಶೌಚ ಗುಂಡಿಯ ವಿಷಯದಲ್ಲಿ ಕಾನೂನು ಅತ್ಯಂತ ಕಠಿಣವಾಗಿದೆ. ಗುಂಡಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲವು ಹೆಚ್ಚಾದಂತೆ ವಾಸನೆ ಗ್ರಹಿಸುವ ಶಕ್ತಿಯನ್ನೇ ಕುಂದಿಸುತ್ತದೆ. ಆದ್ದರಿಂದಲೇ ಮೊದಲನೆಯವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. 2013ರ ಮಲ ಹೊರುವವರ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯಿದೆಯ ಪ್ರಕಾರ ಯಾವುದೇ ವ್ಯಕ್ತಿ, ಸ್ಥಳೀಯ ಪ್ರಾಧಿಕಾರ ಅಥವಾ ಸಂಸ್ಥೆ ಯಾರನ್ನೂ ರಕ್ಷಣಾ ಸಾಧನಗಳಿಲ್ಲದೆ ಗುಂಡಿಗೆ ಇಳಿಸುವಂತಿಲ್ಲ. ಮೊದಲ ತಪ್ಪಿಗೆ 2 ವರ್ಷಗಳವರೆಗೆ ಶಿಕ್ಷೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧ ಜಾಮೀನುರಹಿತ. ಮೃತರ ಕುಟುಂಬಕ್ಕೆ 30 ಲಕ್ಷ ರೂಪಾಯಿ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ‘ಅವನೇ ಒಪ್ಪಿಕೊಂಡು ಇಳಿದ’ ಎಂಬುದು ಸಮರ್ಥನೆಯಾಗದು. ಯಂತ್ರದ ವಾಹನವನ್ನು ಮಾತ್ರ ಕರೆಸಬೇಕು.

ಗುತ್ತಿಗೆದಾರರ ಮೂಲಕ ಕೆಲಸ ಮಾಡಿಸಿದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಪರಿಹಾರವನ್ನು ಮೂಲ ಮಾಲೀಕರಿಂದಲೇ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಗುತ್ತಿಗೆದಾರರಿಂದ ವಸೂಲಿ ಅನಂತರದ ಮಾತು. ಆದ್ದರಿಂದ ಅಂದಾಜು ಪಟ್ಟಿಯಲ್ಲಿಯೇ ಹೆಲ್ಮೆಟ್, ಬೂಟು, ಬೆಲ್ಟ್, ಹಲಗೆಯ ಆಧಾರ ಮತ್ತು ವಿಮೆಯ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಬೇಕು.

ಅವಘಡ ಸಂಭವಿಸಿದಾಗ

ಮೊದಲು ಚಿಕಿತ್ಸೆ. ಅನಂತರ ಸ್ಥಳವನ್ನು ಬದಲಿಸದೆ ಛಾಯಾಚಿತ್ರ ಮತ್ತು ಮಹಜರು. ಸಂಹಿತೆ ಅನ್ವಯಿಸುವ ಸಂಸ್ಥೆಯಲ್ಲಿ ಸಾವು ಸಂಭವಿಸಿದರೆ ಅಥವಾ ಗಾಯಾಳು 48 ಗಂಟೆ ಕೆಲಸಕ್ಕೆ ಬಾರದಂತಾದರೆ ಮಾಲೀಕರು ಸಂಬಂಧಿಸಿದ ಪ್ರಾಧಿಕಾರಕ್ಕೆ ತಿಳಿಸಲೇಬೇಕು. ಊರಿನ ಹಿರಿಯರ ಸಮ್ಮುಖದಲ್ಲಿ ಅಲ್ಪ ಹಣಕ್ಕೆ ರಾಜಿ ಬರೆಸುವ ಪ್ರಸಂಗಗಳಲ್ಲಿ ಸದಸ್ಯರು ಸಾಕ್ಷಿಯಾಗಿ ಸಹಿ ಹಾಕಬಾರದು. ಕುಟುಂಬದವರಿಗೆ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಅಥವಾ ಕಾರ್ಮಿಕ ಸಹಾಯವಾಣಿ 155214 ಅನ್ನು ತೋರಿಸಿಕೊಡಬೇಕು.

ಮುಂದಿನ ಸಾಮಾನ್ಯ ಸಭೆಗೆ

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೂರು ವಿಷಯಗಳನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಒಂದು, ವ್ಯಾಪ್ತಿಯಲ್ಲಿರುವ ಯಂತ್ರಶಕ್ತಿ ಬಳಸುವ ಎಲ್ಲ ಘಟಕಗಳ ಮತ್ತು ಅಲ್ಲಿ ದುಡಿಯುವವರ ಸಂಖ್ಯೆಯ ಪಟ್ಟಿ. ಎರಡು, ಎಲ್ಲ ಪಂಪ್‌ಹೌಸ್‌ಗಳ ಅರ್ಥಿಂಗ್ ಪರೀಕ್ಷೆ ಮತ್ತು ಸಿಬ್ಬಂದಿಗೆ ರಕ್ಷಣಾ ಸಾಧನಗಳ ಖರೀದಿ. ಮೂರು, ಅನುಮತಿ ನವೀಕರಣಕ್ಕೆ ಮೊದಲು ಮೇಲ್ಕಂಡ ಐದು ಅಂಶಗಳ ಸ್ಥಳ ಪರಿಶೀಲನೆ. ದೋಷ ಕಂಡುಬಂದಲ್ಲಿ ಸರಿಪಡಿಸಲು ಕಾಲಾವಕಾಶ ನೀಡಿ, ಸರಿಪಡಿಸದಿದ್ದರೆ ಕಾರ್ಮಿಕ ಇಲಾಖೆಗೆ ಅಥವಾ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ವರದಿ ಕಳುಹಿಸಬಹುದು. ಕಬ್ಬು ಅರೆಯುವ ಕೆಲಸ ಬಿರುಸುಗೊಳ್ಳುವ ಮುನ್ನವೇ ಆಲೆಮನೆಗಳ ಭೇಟಿ ಮುಗಿದಿದ್ದರೆ ಒಳ್ಳೆಯದು.