ಋತುಬಂಧವೂ ಹಲ್ಲಿನ ಆರೋಗ್ಯವೂ

ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ಐವತ್ತು ದಾಟಿದ ಹೆಂಗಸರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಾಣುವುದು ಅಪರೂಪವಲ್ಲ. ಅವರ ಹಲ್ಲು ಅಲುಗಾಡತೊಡಗಿದಾಗ ‘ನೀರಿನ ದೋಷ’ ಎಂದೋ ‘ವಯಸ್ಸಾಯಿತು’ ಎಂದೋ ಸುಮ್ಮನಾಗುವವರೇ ಹೆಚ್ಚು. ಎರಡೂ ಅರ್ಧಸತ್ಯಗಳು.

ಮೊದಲು ನೀರಿನ ವಿಚಾರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಚಿನ್ನದ ಗಣಿಯ ಊರಿಗೆ ಬೇತಮಂಗಲದ ಕೆರೆಯ ನೀರು ಒದಗಿತು. ಹಳ್ಳಿಗಳಾದರೋ ಬಾವಿಗಳನ್ನು, ಅವು ಬತ್ತಿದ ಮೇಲೆ ಆಳವಾದ ಕೊಳವೆಬಾವಿಗಳನ್ನು ನೆಚ್ಚಿದವು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಭಾರತೀಯ ಮಾನಕದಂತೆ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದಲ್ಲಿ 1.5. ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದೆ. ಆದರೆ ಕಲೆ ಮೂಡುವುದು ವಸಡಿನೊಳಗೆ ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ, ಸುಮಾರು ಎಂಟು ವರ್ಷದೊಳಗೆ. ಐವತ್ತರಲ್ಲಿ ಕುಡಿದ ನೀರು ಎನಾಮಲ್ಲಿಗೆ ಹೊಸ ಕಲೆ ಹಚ್ಚಲಾರದು.

ಹಾಗಾದರೆ ಆ ವಯಸ್ಸಿನಲ್ಲಿ ಬದಲಾಗುವುದೇನು? ಸಾಮಾನ್ಯವಾಗಿ 45ರಿಂದ 55ರ ನಡುವೆ ಅಂಡಾಶಯಗಳು ಈಸ್ಟ್ರೊಜೆನ್ ಎಂಬ ಹಾರ್ಮೋನಿನ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ, ಮುಟ್ಟು ನಿಲ್ಲುತ್ತದೆ. ಈ ಹಾರ್ಮೋನಿನ ಅಧಿಕಾರ ಗರ್ಭಕೋಶಕ್ಕೆ ಮಾತ್ರ ಸೀಮಿತವಲ್ಲ. ಎಲುಬನ್ನು ಕರಗಿಸುವ ಜೀವಕಣಗಳಿಗೆ ಅದೇ ಕಡಿವಾಣ. ಕಡಿವಾಣ ಸಡಿಲಿದೊಡನೆ ಕಟ್ಟುವುದಕ್ಕಿಂತ ಕರಗುವುದು ಹೆಚ್ಚಾಗಿ ಎಲುಬು ಸವೆಯುತ್ತದೆ. ಹಲ್ಲನ್ನು ಹಿಡಿದಿರುವ ದವಡೆಯೂ ಇದಕ್ಕೆ ಹೊರತಲ್ಲ. ಆದರೂ ಹಲ್ಲು ಬೀಳಲು ಇದೊಂದೇ ಸಾಲದು. ವಸಡಿನ ಅಂಚಿನಲ್ಲಿ ಕಟ್ಟಿದ ಪಾಚಿಯ ಸೂಕ್ಷ್ಮಜೀವಿಗಳು ಹುಟ್ಟಿಸುವ ಉರಿಯೂತವೇ ಮುಖ್ಯ ಅಪರಾಧಿ. ಸವೆದ ಎಲುಬು ಅದಕ್ಕೆ ಬೇಗ ಸೋಲುತ್ತದೆ.

ಇನ್ನು ಲಾಲಾರಸ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಸ್ರವಿಸುವ ಈ ದ್ರವ ಬಾಯಿಯ ಆಮ್ಲವನ್ನು ತಗ್ಗಿಸಿ, ಹಲ್ಲಿಗೆ ಕ್ಯಾಲ್ಸಿಯಮ್ಮನ್ನು ಮರಳಿಸುತ್ತದೆ. ಋತುಬಂಧದ ಅನಂತರ ಹಲವರ ಬಾಯಿ ಒಣಗುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಇದು ಇನ್ನೂ ಹೆಚ್ಚುತ್ತದೆ. ವಸಡು ಇಳಿದು ಬಯಲಾದ ಬೇರಿಗೆ ಎನಾಮಲ್ಲಿನ ಕವಚವಿಲ್ಲವಾದ್ದರಿಂದ ಹುಳುಕು ಅಲ್ಲಿ ಸುಲಭವಾಗಿ ಹಿಡಿಯುತ್ತದೆ. ಒಣಬಾಯಿಗೆ ರಸ ಬರಲೆಂದು ಎಲೆಯಡಿಕೆಯೊಡನೆ ಹೊಗೆಸೊಪ್ಪು ಮೆಲ್ಲುವವರು ವಸಡನ್ನು ತಾವೇ ಕೆಡಿಸಿಕೊಳ್ಳುತ್ತಾರೆ, ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತಾರೆ. ಕೆಲವರಿಗೆ ಹುಣ್ಣೇ ಕಾಣದಿದ್ದರೂ ನಾಲಗೆ ಸುಟ್ಟಂತೆ ಉರಿಯುತ್ತದೆ. ಮನೆಯವರು ಇದನ್ನು ಭ್ರಮೆಯೆನ್ನುವುದು ಅನ್ಯಾಯ. ವೈದ್ಯಶಾಸ್ತ್ರ ಗುರುತಿಸಿರುವ ತೊಂದರೆಯಿದು.

ಕೆ.ಜಿ.ಎಫ್.ನಲ್ಲಿಯೇ ದಂತವೈದ್ಯ ಕಾಲೇಜೊಂದಿದೆ. ಹಲ್ಲು ಕೀಳಿಸುವ ದಿನಕ್ಕೆ ಕಾಯದೆ, ಮೊದಲೇ ಹೋಗಿ ಪಾಚಿ ತೆಗೆಸುವುದು ಮೇಲು. ಮುಟ್ಟು ನಿಂತ ಸಂಗತಿಯನ್ನೂ ಸೇವಿಸುವ ಮಾತ್ರೆಗಳನ್ನೂ ಸಂಕೋಚಪಡದೆ ತಿಳಿಸಬೇಕು. ಏಕೆಂದರೆ ಎಲುಬಿನ ಸವೆತಕ್ಕೆ ಕೊಡುವ ಕೆಲವು ಔಷಧಗಳನ್ನು ಸೇವಿಸುವವರಲ್ಲಿ, ವಿರಳವಾಗಿಯಾದರೂ, ಹಲ್ಲು ಕಿತ್ತ ಗಾಯ ಮಾಯದೆ ದವಡೆ ಕೆಡುವುದುಂಟು.